ತಣ್ಣಗಿದ್ದಾಗ ತೆರೆಯದ ಮುಚ್ಚಳ

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ ತಂದೆ ತಾಯಂದಿರೇ. ಹೇಳಿದರೆ ನೀವು ಅವನನ್ನು ಮಠದ ಈ ಮಂಟಪದಲ್ಲೇ ಹುಡುಕತೊಡಗುತ್ತೀರಿ, ಸಿಕ್ಕರೂ ಸಿಗಬಹುದು.

ಅವನ ಹತ್ತಿರ ಅಪ್ಪನ ಕಾಲದ ಒಂದು ಟ್ರ್ಯಾಕ್ಟರ್ ಇತ್ತು. ಅದರ ಮೇಲೆ ಎಂಥ ಪ್ರೀತಿ ಅಂತೀರಿ? ಹಬ್ಬ ಬಂದರೆ ಹೊಸ ಬಣ್ಣ. ಬಾನೆಟ್ಟಿಗೆ ಗೊಂಡೆ, ಕನ್ನಡಿಗೆ ಕುಚ್ಚು, ಮಡ್‌ಗಾರ್ಡಿನ ಮೇಲೆ ಸ್ಪೀಕರ್. ಅವನು ಉಳುವುದಕ್ಕೆ ಹೊರಟನೋ ಮದುವೆಗೆ ಹೊರಟನೋ ಯಾರಿಗೂ ತಿಳಿಯುತ್ತಿರಲಿಲ್ಲ. ಆಯುಧಪೂಜೆಯ ದಿನವಂತೂ ಟ್ರ್ಯಾಕ್ಟರ್ ಕಾಣುತ್ತಲೇ ಇರಲಿಲ್ಲ, ಬರೀ ಹೂವೇ ಬೀದಿಯಲ್ಲಿ ಓಡಾಡುತ್ತಿತ್ತು.

ಹೊರಗೆ ಇಷ್ಟಾಯಿತು. ಒಳಗೆ?

ನೋಡಿ, ಎಂಜಿನ್ ಅಂದರೆ ಒಳಗೆ ಬೆಂಕಿ. ಆ ಬೆಂಕಿ ತನ್ನನ್ನೇ ಸುಟ್ಟುಕೊಳ್ಳದಂತೆ ಅದರ ಸುತ್ತ ನೀರು ತಿರುಗಬೇಕು. ಬಿಸಿಯಾದ ನೀರು ಮುಂದಿನ ರೇಡಿಯೇಟರಿಗೆ ಬಂದು ಗಾಳಿಗೆ ತಣಿಯಬೇಕು. ಇದಕ್ಕೆ ಅವನು ಮಾಡಬೇಕಾದದ್ದೇನು? ಬೆಳಿಗ್ಗೆ ಗಾಡಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ನೀರಿದೆಯೇ ಅಂತ ನೋಡಬೇಕು. ಕಡ್ಡಿ ಎಳೆದು ಆಯಿಲ್ ನೋಡಬೇಕು. ರೇಡಿಯೇಟರಿನ ಜಾಳಿಗೆಯಲ್ಲಿ ಕೂತ ಹೊಟ್ಟು, ಧೂಳು ಕೊಡವಬೇಕು. ಹಲ್ಲುಜ್ಜುವಷ್ಟು ಹೊತ್ತಿನ ಕೆಲಸ. ಮಾಡಿದನೇ? ಇಲ್ಲ. ಅಲ್ಲಿ ಯಾರು ನೋಡುತ್ತಾರೆ? ರೇಡಿಯೇಟರಿನ ಒಳಗೆ ಗೊಂಡೆ ಕಟ್ಟಲು ಬರುತ್ತದೆಯೇ?

ಒಂದು ದಿನ ಅವನ ಹೆಂಡತಿ ಅಂಗಳ ಗುಡಿಸುತ್ತಿದ್ದಳು. ಟ್ರ್ಯಾಕ್ಟರಿನ ಕೆಳಗೆ ತುಕ್ಕಿನ ಬಣ್ಣದ ನೀರು ನಿಂತಿತ್ತು.

"ಅಲ್ರೀ, ಇದರ ಬುಡಕ ನೀರ ಸೋರಾಕತ್ತೈತಿ. ಏನಂತ ಒಂಚೂರ ನೋಡ್ರಿ," ಅಂದಳು.

"ದುಡಿಯೂ ಎತ್ತಿಗೆ ಬೆವರ ಬರೂದಿಲ್ಲೇನು? ಹಂಗ ಇದೂ. ನೀ ನಿನ್ನ ಕಸಾ ಹೊಡಿ," ಅಂದ.

ಆಕೆ ಕಸ ಹೊಡೆದಳು. ಆ ನೀರನ್ನೂ ಕೂಡಿಸಿಯೇ ಹೊಡೆದಳು. ಪಾಪ, ಮತ್ತೇನು ಮಾಡಿಯಾಳು?

ಓಡಿಸುವವನ ಎದುರಿಗೆ ಒಂದು ಮೀಟರ್ ಇರುತ್ತದೆ. ಎಂಜಿನ್ ಕಾದರೆ ಅದರ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ಸಾಹುಕಾರನ ಮುಳ್ಳು ದಿನಾ ಕೆಂಪಿಗೆ ಹೋಗತೊಡಗಿತು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ? ಮುಳ್ಳಿನ ಮೇಲೆ. ನೆಟ್ಟಗೆ ಪೇಟೆಗೆ ಹೋದ. ರೇಡಿಯೇಟರ್ ತೊಳೆಸಲು ಹೋದ ಅಂದುಕೊಂಡಿರಾ? ದೇವರ ಸ್ಟಿಕರ್ ತಂದ. ತಂದವನೇ ಸರಿಯಾಗಿ ಆ ಮೀಟರಿನ ಮೇಲೆ ಅಂಟಿಸಿ ಕೈಮುಗಿದ.

ಅವನಿಗೊಬ್ಬ ತಮ್ಮನಿದ್ದ, ಪಕ್ಕದ ಹೊಲದವನು. ಅವನು ಇದನ್ನು ನೋಡಿ, "ಅಣ್ಣಾ, ಮುಳ್ಳ ಕಾಣೂದಿಲ್ಲಲ್ಲೋ ಹಿಂಗಾದ್ರ?" ಅಂದ.

"ಮುಳ್ಳ ಕಟಗೊಂಡ ಏನ ಮಾಡೂದೈತಿ? ದೇವರ ಕುಂತಾನ. ಅವನ ನೋಡ್ಕೋತಾನ."

ಭಕ್ತಿ ನೋಡಿ. ಜಗತ್ತು ನಡೆಸುವವನಿಗೆ ಮೀಟರ್ ಮುಚ್ಚುವ ನೌಕರಿ ಕೊಟ್ಟ.

ಮುಂದೆ ತಮ್ಮನ ಕಬ್ಬು ಕಟಾವಿಗೆ ಬಂತು. ಒಂದು ಮಧ್ಯಾಹ್ನ ಜೋರು ಗಾಳಿ. ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಬಿದ್ದು, ಹೊಲದ ಒಂದು ಮೂಲೆ ಹೊತ್ತಿಕೊಂಡಿತು. ತಮ್ಮ ಓಡಿ ಬಂದ. "ಅಣ್ಣಾ, ಕಬ್ಬಿಗೆ ಬೆಂಕಿ ಬಿದ್ದೈತಿ. ನಡು ಒಂದ ಪಟ್ಟಿ ಕಬ್ಬ ಕೆಡವಿ ನೆಲಾ ಹೊಡದ್ರ ಆಚಿಕಡೀದರೆ ಉಳೀತೈತಿ. ಲಗೂ ನಡಿ."

ಸುಳ್ಳು ಹೇಳಬಾರದು, ಸಾಹುಕಾರ ಹಿಂದೆಮುಂದೆ ನೋಡಲಿಲ್ಲ. ಉಣ್ಣುವ ತಾಟು ಬಿಟ್ಟು ಎದ್ದ. ನೆಲ ಹೊಡೆಯುವ ರೋಟವೇಟರ್ ಹಿಂದೆ ಹಾಕಿಕೊಂಡು ಬೆಂಕಿಯ ಎದುರಿಗೇ ನುಗ್ಗಿದ. ಅಣ್ಣ ಅಂದರೆ ಹೀಗಿರಬೇಕು. ಆದರೆ ಎಂಜಿನ್ನಿಗೆ ಅಣ್ಣತಮ್ಮಂದಿರ ಪ್ರೀತಿ ತಿಳಿಯುತ್ತದೆಯೇ? ಅದಕ್ಕೆ ಬೇಕಾದದ್ದು ನೀರು.

ಪಟ್ಟಿ ಅರ್ಧ ಆಗಿತ್ತು. ಮುಂದಿನಿಂದ ಹಬೆ ಎದ್ದಿತು. ಎಂಜಿನ್ ಕಟಕಟ ಹಲ್ಲು ಕಡಿದು ಗಕ್ಕನೆ ನಿಂತಿತು. ಸಾಹುಕಾರ ಕೆಳಗೆ ಹಾರಿದ, ಹೆಗಲ ಮೇಲಿನ ಟವೆಲ್ಲು ಕೈಗೆ ಸುತ್ತಿಕೊಂಡ.

"ತಗೀಬ್ಯಾಡೋ ಅಣ್ಣಾ, ಕುದ್ದಿರತೈತಿ," ಅಂತ ತಮ್ಮ ಕೂಗಿದ.

ತಣ್ಣಗಿದ್ದಾಗ ಒಂದು ದಿನವೂ ಮುಟ್ಟದ ಮುಚ್ಚಳವನ್ನು ಅವನು ಕುದಿಯುವಾಗ ತೆರೆದ. ಒಳಗಿದ್ದಷ್ಟು ನೀರು, ಹಬೆ ಎಲ್ಲ ಚಿಮ್ಮಿ ಎದೆಗೆ, ಕೈಗೆ ಹೊಡೆಯಿತು. ಬಿದ್ದ.

ಈಗ ತಮ್ಮ ಏನು ಮಾಡಬೇಕು? ಆಳುಗಳ ಜೊತೆ ಸಲಿಕೆ ಹಿಡಿದು ಉಳಿದ ಪಟ್ಟಿ ಕಡಿಯಬೇಕೋ, ಅಣ್ಣನನ್ನು ಎತ್ತಬೇಕೋ? ಅವನು ಸಲಿಕೆ ಒಗೆದ. ಅಣ್ಣನನ್ನು ಎಳೆದುಕೊಂಡು ಪಂಪಿನ ಹತ್ತಿರ ಹೋಗಿ ತಣ್ಣೀರಿನ ಕೆಳಗೆ ಮಲಗಿಸಿದ. ಅಷ್ಟರಲ್ಲಿ ಬೆಂಕಿ ಪಟ್ಟಿ ಇಲ್ಲದ ಕಡೆಯಿಂದ ಆರಾಮಾಗಿ ದಾಟಿ ಹೋಯಿತು. ಕಬ್ಬು ಹೋಯಿತು. ಟ್ರ್ಯಾಕ್ಟರ್ ಹೋಯಿತು, ಗೊಂಡೆ ಸಹಿತ.

ಸಾಹುಕಾರ ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದ. ಮಾತಾಡಿಸಲು ಬಂದವರಿಗೆಲ್ಲ ಒಂದೇ ಮಾತು: "ಯಾರದೋ ಕಣ್ಣ ಬಿತ್ತ್ರಿ."

ಒಂದು ದಿನ ಹೆಂಡತಿ ಚಹಾದ ಬಟ್ಟಲು ಕೆಳಗಿಟ್ಟು ಅಂದಳು: "ಯಾರ ಕಣ್ಣೂ ಬಿದ್ದಿಲ್ಲ. ನಿಮ್ಮ ಕಣ್ಣ ಬೀಳಲಿಲ್ಲ, ಅದಕ್ಕ ಹಿಂಗಾತು."

ಸಂಜೆಗೆ ತಮ್ಮ ಬಂದ. ಕಬ್ಬಿನ ಮಾತೇ ಎತ್ತಲಿಲ್ಲ. "ಉರಿ ಕಡಿಮಿ ಆತೇನ ಅಣ್ಣಾ?" ಅಂತ ಕೇಳಿದ, ಒಂದಿಷ್ಟು ಹೊತ್ತು ಕೂತ, ಎದ್ದು ಹೋದ. ತಮ್ಮ ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಅವನು ಬೈಯಲಿಲ್ಲ. ಸಾಹುಕಾರ ಗೋಡೆಯ ಕಡೆ ತಿರುಗಿ ಅತ್ತ.

ನಗುತ್ತಿದ್ದಿರಿ, ಯಾಕೆ ಸುಮ್ಮನಾದಿರಿ?

ನಿಮ್ಮ ಮನೆಯಲ್ಲಿ ಮುಳ್ಳು ಇಲ್ಲವೇ? "ಯಾಕೋ ನಿನ್ನ ಮಾತ ಭಾಳ ಬಿರುಸಾಗೈತಿ," ಅಂತ ತಾಯಿ ಅನ್ನುತ್ತಾಳೆ, ಅದು ಮುಳ್ಳು. ನೀವು ಬಂದ ಕೂಡಲೇ ಮಕ್ಕಳು ಎದ್ದು ಒಳಗೆ ಹೋಗುತ್ತವೆ, ಅದು ಮುಳ್ಳು. ನೀವೇನು ಮಾಡುತ್ತೀರಿ? ಹಣೆ ತುಂಬ ವಿಭೂತಿ ಬಳಿದುಕೊಂಡು ಇಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೀರಿ. ಆ ವಿಭೂತಿ ಯಾವ ಮೀಟರ್ ಮುಚ್ಚುವುದಕ್ಕೆ? ಅಣ್ಣತಮ್ಮಂದಿರ ಹೊಲದ ಬದುವಿನ ಜಗಳವನ್ನು ವರ್ಷಗಟ್ಟಲೆ ಮುಚ್ಚಿಟ್ಟು, ಮಗಳ ಮದುವೆಯ ಚಪ್ಪರದಲ್ಲಿ ತೆರೆಯುತ್ತೀರಿ. ಸುಡದೇ ಇನ್ನೇನಾದೀತು? ಯಾರೋ ಹಂಗಿಸಿದ ಮಾತು ಮನಸ್ಸಿನಲ್ಲಿದೆಯೇ, ಇವತ್ತೇ ಅವರನ್ನು ಕೇಳಿ. ತಪ್ಪಾಗಿದೆಯೇ, ಇವತ್ತೇ ಒಪ್ಪಿಕೊಳ್ಳಿ. ನಾಳೆ ಬೆಳಿಗ್ಗೆ ಹೆಂಡತಿಯನ್ನು, "ನನ್ನಿಂದ ಏನರೆ ನೋವಾಗೈತೇನ?" ಅಂತ ಕೇಳಿ. ಆಕೆ ಉತ್ತರ ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅದು ನಿಮಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಇನ್ನೊಂದು. ಹೊರಗೆ ಬೇವಿನ ಗಿಡದ ಕೆಳಗೆ ನಿಮ್ಮ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ. ನಾನು ಮಾತಾಡಿದಷ್ಟು ಹೊತ್ತಿನಲ್ಲಿ ಅವು ಪೂರ್ತಿ ತಣ್ಣಗಾಗಿವೆ. ಪ್ರಸಾದದ ಸಾಲಿಗೆ ಓಡಬೇಡಿ. ಮೊದಲು ಹೋಗಿ ಮುಚ್ಚಳ ತೆಗೆದು ನೋಡಿ. ಮಠದ ಬಾವಿಯಲ್ಲಿ ನೀರು ಬೇಕಾದಷ್ಟಿದೆ.