ಸುಗುಣಾಬಾಯಿ ಕಾಲು ಚಾಚಿದ ದಿನ

ಬೆಟಗೇರಿಯ ಆಚೆ ಒಂದು ಊರು. ಆ ಊರಿನ ಕ್ರೈಸ್ತ ಸಭೆಯಲ್ಲಿ ಸುಗುಣಾಬಾಯಿ ಎಂಬ ನರ್ಸ್ ಇದ್ದರು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೂದಲು ನರೆಯುವವರೆಗೆ ದುಡಿದವರು. ನಿವೃತ್ತರಾದ ಮೇಲೆ ಸುಮ್ಮನೆ ಕೂತರೇ? ಇಲ್ಲ. ಸ್ತ್ರೀ ಸಂಘ ನಡೆಸಿದರು. ಓಣಿಯ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿದರು. ಹಾಸಿಗೆ ಹಿಡಿದವರ ಬೆನ್ನು ಒರೆಸಿದರು. ಯಾವ ಜಾತಿ, ಯಾವ ಮತ ಎಂದು ಕೇಳಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಅವರು ಯಾರಿಂದಲೂ ಏನನ್ನೂ ಮಾಡಿಸಿಕೊಳ್ಳುತ್ತಿರಲಿಲ್ಲ. ಜ್ವರ ಬಂದರೂ ತಮ್ಮ ಗಂಜಿ ತಾವೇ ಕಾಯಿಸಿಕೊಳ್ಳುತ್ತಿದ್ದರು. ಇದನ್ನು ನಾವು ಸದ್ಗುಣವೆಂದು ಹೊಗಳುತ್ತೇವೆ, ಅಲ್ಲವೇ? ಆ ಊರಿನವರೂ ಹೊಗಳಿದರು.

ಎಂಬತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಜೋರಾಗಿ ಅವರ ಕಾಲಿನ ಬೆರಳಿಗೆ ಗಾಯವಾಯಿತು. ಬೇರೆಯವರಿಗೆ ಆಗಿದ್ದರೆ ಅಂದೇ ಡಾಕ್ಟರ ಹತ್ತಿರ ಎಳೆದೊಯ್ಯುತ್ತಿದ್ದರು. ತಮಗೇ ಆದಾಗ ಏನು ಮಾಡಿದರು? ಬಟ್ಟೆ ಸುತ್ತಿ ಮೇಲೆ ಕಾಲುಚೀಲ ಹಾಕಿಕೊಂಡರು. ಆರಾಧನೆಗೆ ಬರುವುದನ್ನು ನಿಲ್ಲಿಸಿದರು. ಕೇಳಿದವರಿಗೆ ಮೊಣಕಾಲು ನೋವು ಎಂದರು. ಎಲ್ಲರೂ ನಂಬಿದರು.

ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹನ್ನವ್ವ ಅದೇ ಸಭೆಯವಳು. ಒಂದು ಸಂಜೆ ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದಳು. ಒಳಗೆ ಕಾಲಿಟ್ಟೊಡನೆ ಅವಳಿಗೆ ವಾಸನೆ ಬಡಿಯಿತು.

"ಬಾಯಾರ, ಕಾಲ ತೋರಸ್ರಿ."

"ಏನಿಲ್ಲ, ಹೋಗವಾ. ನಾ ನರ್ಸ್ ಅದೀನಿ, ನನಗ ಗೊತ್ತಾಗೂದಿಲ್ಲೇನು?"

ಹನ್ನವ್ವ ಹೋಗಲಿಲ್ಲ. ಅವರ ಮುಂದೆ ನೆಲದ ಮೇಲೆ ಕೂತಳು.

"ಗೊತ್ತಾಗೇತಿ, ಅದಕ್ಕ ಮುಚ್ಚೀರಿ. ನನ್ನ ಹೆರಿಗಿ ದಿನ ನಿಮ್ಮ ಮುಂದ ನಾ ಹೆಂಗ ಬಿದ್ದಿದ್ನಿ, ನೆನಪೈತೇನ್ರಿ? ಮೈಮ್ಯಾಲೆ ಅರಿವಿ ಇರಲಿಲ್ಲ. ನನಗ ನಾಚಿಕಿ ಇರಲಿಲ್ಲೇನ್ರಿ? ಆದ್ರೂ ನಿಮ್ಮ ಕೈಯಾಗ ಜೀವಾ ಕೊಟ್ನಿ. ನೀವು ನನಗ ಒಂದ ಕಾಲ ತೋರ್ಸಾಕ ಒಲ್ಲೆ ಅಂತೀರಿ."

ಸುಗುಣಾಬಾಯಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ನಾರತೈತಿ, ಹನ್ನವ್ವ. ನಿನಗ ಹೇಸಿಕಿ ಬರತೈತಿ," ಎಂದರು.

"ಬರಲಿ ಬಿಡ್ರಿ," ಎಂದು ಹನ್ನವ್ವ ನೀರು ಕಾಯಿಸಲು ಎದ್ದಳು.

ಅವಳು ಬೋಗುಣಿ ಹಿಡಿದು ಬಂದಾಗ ಸುಗುಣಾಬಾಯಿ ಕಾಲು ಚಾಚಿದರು. ಎರಡು ಬೆರಳು ಕಪ್ಪಾಗಿದ್ದವು. ಮರುದಿನ ಆಸ್ಪತ್ರೆಯಲ್ಲಿ ಆ ಬೆರಳುಗಳನ್ನು ತೆಗೆದರು, ಪಾದ ಉಳಿಯಿತು. ಆಮೇಲೆ ಹನ್ನವ್ವನೇ ದಿನವೂ ಗಾಯ ತೊಳೆದು ಪಟ್ಟಿ ಕಟ್ಟಿದಳು. ಮೊದಮೊದಲು ಸುಗುಣಾಬಾಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿರುತ್ತಿದ್ದರು. ಬರಬರುತ್ತ ಅವಳೊಂದಿಗೆ ಮಾತಾಡತೊಡಗಿದರು.

ಗಾಯ ಮಾಯ್ದ ಮೇಲೆ ಕೋಲೂರಿಕೊಂಡು ಸ್ತ್ರೀ ಸಂಘಕ್ಕೆ ಬಂದರು. ಎಲ್ಲರ ಮುಂದೆ ನಿಂತು, "ನಾ ಸುಳ್ಳ ಹೇಳಿದ್ನಿ. ಮೊಣಕಾಲ ನೋವಲ್ಲ. ನನ್ನ ಸೊಕ್ಕಿಗೆ ಎರಡು ಬೆರಳ ಹೋದ್ವು," ಎಂದರು. ಕೂಟ ಮುಗಿದ ಮೇಲೆ ಒಬ್ಬ ಟೀಚರಮ್ಮ ಅವರನ್ನು ಪಕ್ಕಕ್ಕೆ ಕರೆದರು. ಎದೆಯಲ್ಲಿ ಗಂಟಾಗಿದೆ, ಗಂಡನಿಗೂ ಹೇಳಿಲ್ಲ ಎಂದರು. ಸುಗುಣಾಬಾಯಿಯೇ ಜೊತೆಗೆ ಹೋಗಿ ತಪಾಸಣೆ ಮಾಡಿಸಿದರು. ಚಿಕಿತ್ಸೆಯಾಯಿತು, ಆ ಟೀಚರಮ್ಮ ಬದುಕಿದರು. ಸುಗುಣಾಬಾಯಿ ತೊಂಬತ್ತು ದಾಟಿ ತೀರಿಕೊಂಡಾಗ ಅವರೇ ಗಾಯನವೃಂದದಲ್ಲಿ ನಿಂತು ಹಾಡಿದರು.

ನೋಡಿ, ಅಷ್ಟು ವರ್ಷ ಸೇವೆ ಮಾಡಿದ ಸುಗುಣಾಬಾಯಿಯ ಹತ್ತಿರ ಆ ಟೀಚರಮ್ಮ ಮೊದಲೇ ಯಾಕೆ ಬರಲಿಲ್ಲ? ಎಂದೂ ನೋವೇ ಇಲ್ಲದವರ ಮುಂದೆ ನೋವು ಹೇಳಿಕೊಳ್ಳುವುದು ಹೇಗೆ? ಹಿರಿಯರೇ, ಸಂಘ ನಡೆಸುವ ತಾಯಂದಿರೇ, ನಾನು ನಿಮಗೇ ಹೇಳುತ್ತಿದ್ದೇನೆ. ಕರ್ತನು ಶಿಷ್ಯರ ಕಾಲು ತೊಳೆದ ಬೈಬಲ್ ಪಾಠ ಈಗ ತಾನೇ ಕೇಳಿದಿರಿ. ತೊಳೆಯಲು ನೀವೆಲ್ಲ ಸಿದ್ಧ, ಅದು ನನಗೆ ಗೊತ್ತು. ತೊಳೆಸಿಕೊಳ್ಳಲು ಸಿದ್ಧರಿದ್ದೀರಾ?

ಕೆಮ್ಮಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಕಷ್ಟವಿದ್ದರೆ ಹೇಳಿ. ಸಹಾಯ ಬೇಕಾದಾಗ ಬೇಡ ಎನ್ನಬೇಡಿ. ಮುಂದಿನ ಭಾನುವಾರದವರೆಗೆ ಕಾಯಬೇಡಿ. ಇವತ್ತೇ, ಮನೆಗೆ ಹೋಗುವ ಮೊದಲು, ನಿಮ್ಮ ಪಕ್ಕದಲ್ಲಿ ಕೂತವರಿಗೆ ಹೇಳಿ.