ಆಚೆ ಮನೆಗೆ ವಾಲಿದ ಬೇವು

ಒಬ್ಬ ಸಾಹುಕಾರನಿದ್ದ. ಯಾವೂರು ಎಂದು ಕೇಳಬೇಡಿ, ನಮ್ಮ ನಿಮ್ಮೂರಿನಂಥದೇ ಒಂದೂರು. ಅವನ ಹೆಸರು ಅಡಿವೆಪ್ಪ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ತೂಗುಮಂಚದಲ್ಲಿ ಅಡ್ಡಾಗುವುದು ಅವನ ರೂಢಿ. ಅಲ್ಲಿಂದ ಅಂಗಳದ ಬೇವಿನ ಮರ ಕಾಣುತ್ತಿತ್ತು. ರೆಪ್ಪೆ ಭಾರವಾದಂತೆ ಆ ಮರ ಹಸಿರಾಗುತ್ತಿತ್ತು. ಹೂವು ಸುರಿಯುತ್ತಿತ್ತು. ತೀರಿಕೊಂಡ ಅಣ್ಣ ಹತ್ತು ವರ್ಷದವನಾಗಿ ಕೊಂಬೆಯ ಮೇಲೆ ಕೂತು ಕಾಲಾಡಿಸುತ್ತಿದ್ದ. ಎಲ್ಲಿಂದಲೋ ಒಂದು ಕೂಸಿನ ಅಳು ತೇಲಿ ಬರುತ್ತಿತ್ತು. ಒಳ್ಳೆಯ ಕನಸು. ಎಷ್ಟು ಒಳ್ಳೆಯ ಕನಸೆಂದರೆ, ಮರ ಒಣಗಿ ಎರಡು ವರ್ಷವಾಗಿದ್ದೇ ಅವನಿಗೆ ಕಾಣುತ್ತಿರಲಿಲ್ಲ.

ನೋಡಿ, ಪೂರ್ತಿ ಕಾಣುತ್ತಿರಲಿಲ್ಲ ಅಂತೇನಲ್ಲ. ಎದ್ದಾಗ ಕಾಣುತ್ತಿತ್ತು. ತೊಗಟೆ ಕಳಚಿತ್ತು, ಬುಡಕ್ಕೆ ಗೆದ್ದಲು ಹತ್ತಿತ್ತು. ಆದರೆ ಮರ ವಾಲಿದ್ದು ಯಾವ ಕಡೆಗೆ? ಆಚೆ ಮನೆಯ ಕಡೆಗೆ. ಅದು ಅಣ್ಣನ ಹೆಂಡತಿ ಬಾಳವ್ವನ ಮನೆ. ನಡುವಿನ ಗೋಡೆಯ ಸಲುವಾಗಿ ಜಗಳವಾಗಿ, ಎರಡು ಮನೆಗೂ ಮಾತು ನಿಂತು ಒಂಬತ್ತು ವರ್ಷ. ಅತ್ತ ಬಿದ್ದರೆ ಬೀಳಲಿ ಎಂದು ಅಡಿವೆಪ್ಪ ಬಾಯಿಬಿಟ್ಟು ಅಂದನೇ? ಇಲ್ಲ. ನಾವು ಯಾರಾದರೂ ಅನ್ನುತ್ತೇವೆಯೇ? ಮಗ್ಗುಲು ಬದಲಿಸಿದ, ಅಷ್ಟೇ.

ಒಂದು ದಿನ ಗಾಳಿಯಿಲ್ಲ, ಮಳೆಯಿಲ್ಲ, ತೊಡೆ ದಪ್ಪದ ಕೊಂಬೆಯೊಂದು ಮುರಿದು ಅವನದೇ ಮನೆಯ ಮೆಟ್ಟಿಲ ಮೇಲೆ ಬಿತ್ತು. ಈಗ ಎಚ್ಚರವಾಯಿತು! ಮರುದಿನ ಬೆಳಿಗ್ಗೆಯೇ ಮರ ಕಡಿಯುವ ದಾವಲಸಾಬ ಅಂಗಳದಲ್ಲಿದ್ದ. ಅವನು ಮರವನ್ನು ಸುತ್ತು ಹಾಕಿ, ಕೊಡಲಿಯ ಹಿಂಬದಿಯಿಂದ ಬಡಿದು, ಕಿವಿಗೊಟ್ಟು ಕೇಳಿದ.

"ಬುಡಕ್ಕ ನಾಕ ಏಟ ಹಾಕಿ ಕೆಡವಿಬಿಡೋ," ಎಂದ ಅಡಿವೆಪ್ಪ.

"ಹಂಗ ಆಗೂದಿಲ್ರೀ ಸಾವ್ಕಾರ್ರ. ಹಸೀ ಮರ ಹೇಳಿದ ಕಡೆ ಬೀಳತೈತಿ. ಇದು ಒಳಗ ಟೊಳ್ಳ ಆಗೇತಿ, ಎತ್ತಾಗ ಬೀಳತೈತೋ ಗೊತ್ತಿಲ್ಲ. ಹತ್ತಿದ್ರ ನನ್ನನ್ನೂ ಕೆಡವತೈತಿ. ಮಗ್ಗಲಕ್ಕ ಬಿದರಿನ ಅಟ್ಟ ಕಟ್ಟಿ, ತುದಿಯಿಂದ ತುಂಡ ತುಂಡ ಮಾಡಿ ಹಗ್ಗದಾಗ ಇಳಸತೀನಿ. ಲೈನಮನ್‌ಗ ಹೇಳಿ ಕರೆಂಟ್ ತಗಸ್ರಿ. ಮತ್ತ ಎರಡೂ ಮನ್ಯಾಗಿನ ಮಂದಿ ಹೊರಗ ಬರಬೇಕು."

"ಆ ಮನಿಯವರ ಕೂಡ ನಮ್ಮ ಮಾತಿಲ್ಲ. ನೀನ ಹೇಳು."

"ಮರ ಯಾರದ್ರಿ?"

"ನಮ್ಮದ," ಎಂದ ಅಡಿವೆಪ್ಪ.

"ಮರ ಇದ್ದವರ ಹೇಳಬೇಕ್ರಿ. ಅಲ್ಲೀತನಕ ನಾ ಕೊಡಲಿ ಎತ್ತಂಗಿಲ್ಲ."

ಎಷ್ಟು ದೂರ? ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ಅಡಿವೆಪ್ಪ ನಿದ್ದೆಗಣ್ಣಿನಲ್ಲಿ ನಡೆಯುವವನ ಹಾಗೆ ನಡೆದ. ನೆಲ ಕಾಲಿಗೆ ಹತ್ತುತ್ತಿರಲಿಲ್ಲ. ಅಣ್ಣ ಹಾಕಿಸಿದ ಹೊಸ್ತಿಲು ಬಂತು. ಅಷ್ಟರಲ್ಲಿ ಒಳಗಿನಿಂದ ಒಂದು ಕೂಸು ಅತ್ತಿತು. ಅದೇ ಅಳು! ಮೂರು ತಿಂಗಳಿಂದ ಕನಸಿನದೆಂದು ತಿಳಿದಿದ್ದ ಅದೇ ಅಳು. ಬಾಳವ್ವನ ಮಗಳು ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲು ತೂಗುತ್ತಿದ್ದದ್ದು ಬೇವು ವಾಲಿದ ಕೋಣೆಯಲ್ಲೇ.

"ವೈನೀ," ಎಂದು ಅತ್ತಿಗೆಯನ್ನು ಕರೆದ. ಕೂಸಿನ ಅಳುವಿನಲ್ಲಿ ಅದು ಕೇಳಿಸಲಿಲ್ಲ. ಮತ್ತೆ ಕರೆದ. "ವೈನೀ, ಮರಾ ತಗಸಾಕತ್ತೀನಿ. ಎಲ್ಲಾರೂ ಒಂದೀಟು ಹೊರಗ ಬರ್ರಿ."

ಬಾಳವ್ವ ಅವನನ್ನು ದಿಟ್ಟಿಸಿದಳು. "ಗಾಳಿ ಬಿಟ್ಟಾಗೊಮ್ಮೆ ಈ ತೊಟ್ಟಲಾ ಬಿಚ್ಚಿ ಅಡಗೀ ಮನ್ಯಾಗ ಕಟ್ಟೀನಿ," ಎಂದಳು.

"ಒಂದ ಮಾತ ಹೇಳಬಾರದಾಗಿತ್ತೇನ್ರೀ?"

"ಹೇಳಾಕ ಮಾತ ಎಲ್ಲಿತ್ತೋ ತಮ್ಮಾ?"

ಬಾಳವ್ವ ಕೂಸನ್ನೆತ್ತಿ ಅವನ ಕೈಗಿಟ್ಟು, ಮಗಳನ್ನು ಕರೆದುಕೊಂಡು ಹೊರಗೆ ಬಂದಳು.

ಅಟ್ಟ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡೂ ಮನೆಯವರು ದೂರದ ಗುಡಿಕಟ್ಟೆಯ ಮೇಲೆ ಕೂತು ನೋಡಿದರು. ಒಂದೊಂದೇ ಕೊಂಬೆ ಹಗ್ಗಕ್ಕೆ ಜೋತು, ನೀರಿನಲ್ಲಿ ಮುಳುಗುವ ಹಾಗೆ ಮೆಲ್ಲಗೆ, ಸದ್ದಿಲ್ಲದೆ ಇಳಿಯುತ್ತಿತ್ತು. ಒಂದೊಂದು ಇಳಿದಾಗಲೂ ಮೇಲೆ ಅಷ್ಟಗಲ ಆಕಾಶ ತೆರೆಯುತ್ತಿತ್ತು. ಕೂಸು ಅಡಿವೆಪ್ಪನ ಬೆರಳು ಹಿಡಿದು ಮಲಗಿತು. ಅವನಿಗೆ ಮಾತ್ರ ಅವತ್ತು ಮಧ್ಯಾಹ್ನ ನಿದ್ದೆ ಬರಲಿಲ್ಲ. ಕೊನೆಗೆ ಬೊಡ್ಡೆ ಇಳಿದಾಗ ದಾವಲಸಾಬ ಅದರ ಟೊಳ್ಳಿನೊಳಗೆ ಭುಜದ ತನಕ ಕೈ ತೂರಿಸಿ, "ಈ ಮಳಿಗಾಲ ದಾಟತಿದ್ದಿಲ್ರೀ," ಎಂದ.

ಗೋಡೆಯ ಜಗಳ ಅಂದೇ ಮುಗಿಯಿತೇ? ಇಲ್ಲ. ಆಮೇಲೂ ನಡೆಯಿತು. ಆದರೆ ಮಾತಾಡುತ್ತ ನಡೆಯಿತು.

ತಾಯಂದಿರೇ, ಅಣ್ಣಂದಿರೇ, ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮದು ಏನು ಪಕ್ಕದವರ ಮೇಲೆ ಬೀಳಲು ನಿಂತಿದೆ? ಒಣಮರವೇ ಆಗಬೇಕೆಂದಿಲ್ಲ. ಕಲ್ಲು ಹೇರಿಟ್ಟ ತಗಡು, ಬಿರುಕು ಬಿಟ್ಟ ಗೋಡೆ, ಓಣಿಯಲ್ಲಿ ಬಾಯಿ ತೆರೆದ ಹೊಂಡ. ನಿಮಗೆ ಗೊತ್ತಿದೆ. ಗೊತ್ತಿದ್ದೂ ನಾಳೆ, ನಾಡಿದ್ದು ಎಂದಿದ್ದೀರಿ. ಇವತ್ತು ಪ್ರವಚನ ಕೇಳಿ, ಪ್ರಸಾದ ಮುಗಿಸಿ ನೇರ ಮನೆಯೊಳಗೆ ಹೋಗಬೇಡಿ. ಹೊರಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಮಾತು ಬಿಟ್ಟವರ ಮನೆಯಾದರೆ ಮೊದಲು ಅಲ್ಲಿಗೇ ಹೋಗಿ. ಆಳನ್ನು ಕಳಿಸಬೇಡಿ, ನೀವೇ ಹೋಗಿ. ಯಾರದು ಸರಿ, ಯಾರದು ತಪ್ಪು, ಅದು ಆಮೇಲಿರಲಿ. 'ನಮ್ಮದು ನಿಮ್ಮ ಮೇಲೆ ಬೀಳುವ ಹಾಗಿದೆ, ನಾಳೆ ತೆಗೆಸುತ್ತೇನೆ' ಎಂದಷ್ಟೇ ಹೇಳಿ. ನಾಳೆ ತೆಗೆಸಿ.