ತೋಟದ ಲೈನ್ ಕರೆಂಟು

...ತಳ್ಳಿದ್ದು ನಾನೇ ಅಲ್ವೇನ್ಲಾ ರಾಜು? ನೀನು ಹ್ಯಾಂಡಲ್ ಹಿಡ್ಕೊಂಡಿದ್ದೆ, ಅಷ್ಟೆ. ಆಟೋ ಚಾರ್ಜ್ ಮುಗಿದು ಕೆರೆ ಏರಿ ಮೇಲೆ ನಿಂತೋಯ್ತಲ್ಲ, ಅಲ್ಲಿಂದ ಗುಬ್ಬಿ ಆಸ್ಪತ್ರೆ ಬಾಗಿಲವರೆಗೂ, ಒಳಗೆ ನಿಮ್ಮವ್ವನ್ನ ಮಲಗಿಸ್ಕೊಂಡು, ಈ ವಯಸ್ನಲ್ಲಿ. ಹಿಂದೆ ಬಂದ ಲಾರಿಯವನು ಹಾರನ್ ಹೊಡೆಯೋದು ಮರೆತು ನೋಡ್ತಾ ನಿಂತ್ಬುಟ್ಟ. ಯಾಕ್ ನಗ್ತೀಯ? ಇಲ್ವಾ... ನಕ್ಕಂಗೆ ಕಾಣಿಸ್ತು.

ಅರ್ಧ ಗಂಟೆ ಮುಂಚೆ ತಂದಿದ್ರೆ ಉಳೀತಿದ್ರು ಅಂದ್ಲು ಆ ಡಾಕ್ಟ್ರಮ್ಮ. ಅವಳಿಗೇನ್ ಗೊತ್ತು ನಮ್ ಕರೆಂಟಿನ ಪಾಡು.

ಕೂತ್ಕೊ, ಈ ಮೋಟಾರ್ ಮನೆ ಕಟ್ಟೆ ಮೇಲೆ. ನಿಮ್ಮವ್ವನ ಮಣ್ಣಿಗೆ ಬಂದೋರೆಲ್ಲಾ ಹೋದ್ರು. ನಂಗೆ ಅಳೂನೂ ಬರ್ತಾ ಇಲ್ಲ ಕಣೋ. ಬಾಯೊಂದು ಓಡ್ತಾ ಅದೆ.

ನಿನ್ ಕರೆಂಟ್ ಆಟೋನ ನಾನೇನ್ ಕಮ್ಮಿ ಹೊಗಳಿದ್ನಾ? ನನ್ ಮಗನ ಗಾಡಿ ಒಂದ್ಸಲ ಕರೆಂಟ್ ಕುಡಿದ್ರೆ ತಿರುಪ್ತಿಗೆ ಹೋಗಿ ಬರ್ತದೆ ಅಂತ ಗುಬ್ಬಿ ಸಂತೆಲೆಲ್ಲಾ ಹೇಳಿದೀನಿ. ನಿಮ್ಮವ್ವ ರಂಗಲಕ್ಷ್ಮಿ ನಗೋಳು, ತಿಮ್ಮಪ್ಪ ಚಾರ್ಜ್ ಹಾಕ್ಕೊಟ್ರೆ ತಾನೆ ವಾಪಸ್ ಬರೋದು ಅಂತ.

ಊರೊಳಗಾದ್ರೆ ದಿನವೆಲ್ಲಾ ಇರ್ತದೆ ಕರೆಂಟು. ನಮ್ದು ತೋಟದ ಮನೆ, ಬೋರ್‌ವೆಲ್ ಮೋಟಾರಿನ ಲೈನು, ಕೊಟ್ಟಾಗ ಉಂಟು. ಆ ಲೈನು ಮೋಟಾರನ್ನೂ ನಿನ್ ಚಾರ್ಜರನ್ನೂ ಒಟ್ಟಿಗೆ ತಾಳಲ್ಲ. ಒಂದ್ಸಲ ಫ್ಯೂಸ್ ಹಾರಿಸಿ ನಿನ್ ಕೈಲಿ ಬೈಸ್ಕೊಂಡಿದೀನಲ್ಲ. ಅವತ್ತಿಂದ ಹುಷಾರಾಗಿದೀನಿ, ಒಂದು ಹಾಕಿದ್ರೆ ಇನ್ನೊಂದು ಕೀಳೋದು.

ನಿನ್ನೆ ಬೆಳಿಗ್ಗೆ ನೀನು ಪ್ಲಗ್ ಸಿಗಿಸಿ, "ಅಪ್ಪ, ಕರೆಂಟ್ ಬಂದ್ರೆ ತಾನೇ ಚಾರ್ಜ್ ಆಗ್ತದೆ, ಮುಟ್ಬೇಡ" ಅಂದು ಊರೊಳಕ್ಕೆ ಹೋದೆ. ಕರೆಂಟೇ ಬರ್ಲಿಲ್ಲ ಕಣೋ. ನೀನು ಸಂಜೆ ಬರೋವರೆಗೂ ಇಲ್ಲ, ನಿಮ್ಮವ್ವ ಎದೆ ಹಿಡ್ಕೊಂಡು ಕೂತಾಗ್ಲೂ ಇಲ್ಲ. ಹೇಳಿದ್ನಲ್ಲ ನಿಂಗೆ. ಆಸ್ಪತ್ರೇಲೂ ಹೇಳ್ದೆ. ಮಣ್ಣಿಗೆ ಬಂದೋರಿಗೆಲ್ಲಾ ಹೇಳ್ದೆ.

ಹಿಂದೆ ಕುಣಿಗಲ್‌ನಿಂದ ಬರ್ತಾ ಒಂದೆತ್ತು ಮಲಗ್ಬುಡ್ತು. ನೊಗಕ್ಕೆ ನಾನೇ ಹೆಗಲು ಕೊಟ್ಟು ಗುಬ್ಬಿವರೆಗೂ ಗಾಡಿ ಎಳ್ದೆ. ಗಾಡಿ ತುಂಬಾ ಕೊಬ್ಬರಿ, ಅದರ ಮೇಲೆ ನಿಮ್ಮವ್ವ. ಇನ್ನೊಂದೆತ್ತಿಗೆ ನಾಚಿಕೆ ಆಗಿ ತಲೆ ಎತ್ಲಿಲ್ಲ. ನಂಬಲ್ವಾ? ನಿಮ್ಮವ್ವನ್ನ ಕೇ...

ಹೂಂ.

ಇಲ್ಲೇ ತೋಟದಲ್ಲಿ ಗುಂಡಿ ತೋಡೋರು ಏನಂದ್ರು, ಕೇಳಿಸ್ಕೊಂಡ್ಯಾ? ಎರಡು ತಿಂಗಳಿಂದ ಒಂದು ಹನಿ ಮಳೆ ಇಲ್ಲ, ಬೇರೆ ಕಡೆ ಹಾರೆ ಇಳಿಯಲ್ಲ, ಇಲ್ಲಿ ಬೆಣ್ಣೆ ಥರ ಇಳೀತು ಅಂದ್ರು. ಅದು ಈ ಚಿಕ್ಕಬೀರಯ್ಯನ ತೋಟದ ಮಣ್ಣು ಕಣ್ರಪ್ಪಾ ಅಂತ ಎದೆ ತಟ್ಕೊಂಡು ಅಂದೆ ನಾನು.

ಯಾಕ್ಲಾ ಕಾಲು ನೋಡ್ಕೊತೀಯ? ಕೆಸರು, ತೊಳ್ಕೊ.

ಆ ತೆಂಗಿನ ಪಾತಿಯಿಂದ ಮಣ್ಣು ಯಾಕ್ ತಗೊಂಡೆ... ಬುಡು ಅದನ್ನ. ಹಿಂಡ್ಬೇಡ.

ನನ್ನನ್ಯಾಕ್ ಹಂಗ್ ನೋಡ್ತೀಯ? ಸಸಿ ಬಾಡ್ತಾ ಇದ್ವು, ಅದಕ್ಕೆ...

ಎಲ್ಲಿಗೋ ಎದ್ದೆ ರಾಜು? ಆ ಮೋಟಾರ್ ಸ್ವಿಚ್ ಮುಟ್ಬೇಡ.

...ಮಳೆ ಬಂತು ಕಣೋ. ನಿನ್ನೆ ಮಧ್ಯಾಹ್ನ, ನೀನು ಇಲ್ಲದಾಗ. ಬೇಲಿ ಆಚೆ ಒಂದು ಹನೀನೂ ಬೀಳ್ಲಿಲ್ಲ. ನಮ್ ತೋಟಕ್ಕೆ ಮಾತ್ರ.